ಓದುಗರ ಪ್ರಶ್ನೆ: ವಿಂಡೋಸ್ ಕೀ ಕಳೆದಿದೆ, ಮುಂದೇನು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು: ಕಂಪ್ಯೂಟರ್ ಫಾರ್ಮ್ಯಾಟ್ ಆಯಿತು, ವಿಂಡೋಸ್ ಅಸಲಿ ಎಂದು ದೃಢಪಡಿಸುವ 25 ಅಕ್ಷರದ ಕೀ ಕಳೆದಿದೆ, ವಿಂಡೋಸ್ ಆಕ್ಟಿವೇಟ್ ಆಗುತ್ತಿಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಏಳು ಪ್ರಶ್ನೆಗಳನ್ನು ಆರಿಸಿ ಉತ್ತರಿಸಿದ್ದೇವೆ. ಕಮಾಂಡ್‌ಗಳನ್ನು ಕನ್ನಡದಲ್ಲಿ ಅಕ್ಷರ ಬಿಡಿಸಿ ಬರೆದಿದ್ದೇವೆ, ಕೀಬೋರ್ಡಿನಲ್ಲಿ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ‘ಓರೆಗೆರೆ’ ಎಂದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಕೀಲಿಯನ್ನು ಶಿಫ್ಟ್ ಇಲ್ಲದೆ ಒತ್ತಿ. ನುಡಿ ತಂತ್ರಾಂಶ ಚಾಲೂ ಇದ್ದರೆ ಮೊದಲು ಇಂಗ್ಲಿಷ್‌ಗೆ ತಿರುಗಿಸಿಕೊಳ್ಳಿ.

ಪ್ರಶ್ನೆ: ಸಪ್ತಾಪುರದಾಗ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದಾಕತ್ತೀನ್ರಿ. 2021ರಾಗ ತಗೊಂಡ ಲ್ಯಾಪ್‌ಟಾಪ್ ಭಾಳ ಸ್ಲೋ ಆತು ಅಂತ ಒಂದು ಅಂಗಡಿಯೊಳಗ ಫಾರ್ಮ್ಯಾಟ್ ಹೊಡಿಸಿದೆ. ಈಗ ಸ್ಕ್ರೀನಿನ ಬಲಕ್ಕ ಕೆಳಗ ‘ಆಕ್ಟಿವೇಟ್ ವಿಂಡೋಸ್’ ಅಂತ ಬರಾಕತ್ತೈತಿ. ಡಬ್ಬಿ ಇಲ್ಲ, ಬಿಲ್ ಇಲ್ಲ, ಕೀ ಎಲ್ಲೂ ಬರದಿಟ್ಟಿಲ್ಲ. ಹೊಸ ಕೀ ಕೊಳ್ಳಬೇಕೇನ್ರಿ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಲೈಸೆನ್ಸ್ ಬಹುತೇಕ ಲ್ಯಾಪ್‌ಟಾಪಿನ ಒಳಗೇ ಇದೆ.

ವಿಂಡೋಸ್ 8 ಬಂದಾಗಿನಿಂದ, ಅಂದರೆ 2012ರಿಂದ, ವಿಂಡೋಸ್ ಹಾಕಿಯೇ ಮಾರುವ ಬ್ರ್ಯಾಂಡೆಡ್ ಲ್ಯಾಪ್‌ಟಾಪ್‌ಗಳಲ್ಲಿ ಕಂಪನಿಯವರು 25 ಅಕ್ಷರದ ಕೀಯನ್ನು ಮದರ್‌ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಚಿಪ್ಪಿನೊಳಗೆ ಬರೆದಿಡುತ್ತಾರೆ. ಅದಕ್ಕೇ ಈಗಿನ ಲ್ಯಾಪ್‌ಟಾಪಿನ ತಳದಲ್ಲಿ ಬರೀ ವಿಂಡೋಸ್ ಗುರುತಿನ ಸ್ಟಿಕ್ಕರ್ ಇರುತ್ತದೆ, ಅದರ ಮೇಲೆ ಕೀ ಇರುವುದಿಲ್ಲ. ಹಾರ್ಡ್ ಡಿಸ್ಕ್ ಅಳಿಸಿದರೂ ಬದಲಿಸಿದರೂ ಆ ಕೀ ಅಲ್ಲೇ ಉಳಿಯುತ್ತದೆ. ಹೊಲದ ಉತಾರ ಸರ್ವೆ ನಂಬರಿಗೆ ಅಂಟಿಕೊಂಡಂತೆ ಈ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿದೆ. ಮನೆಯಲ್ಲಿದ್ದ ಪ್ರತಿ ಕಳೆದರೆ ಹೊಲ ಹೋಗುವುದಿಲ್ಲವಲ್ಲ, ಹಾಗೆ.

ಹಾಗಾದರೆ ಆಕ್ಟಿವೇಟ್ ಏಕೆ ಆಗಲಿಲ್ಲ? ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಅಬೌಟ್’ ತೆರೆದು ‘ಎಡಿಶನ್’ ಎದುರಿಗೆ ಏನಿದೆ ನೋಡಿ. ‘ಪ್ರೊ’ ಅಂತ ಇದ್ದರೆ ಗಂಟು ಇರುವುದು ಅಲ್ಲೇ. ನಮ್ಮಲ್ಲಿ ಮಾರಾಟವಾಗುವ ಮನೆಬಳಕೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ‘ಹೋಮ್ ಸಿಂಗಲ್ ಲಾಂಗ್ವೇಜ್’ ಎಡಿಶನ್. ಅಂಗಡಿಯವರು ಎಲ್ಲರ ಮಷೀನಿಗೂ ಒಂದೇ ಪೆನ್‌ಡ್ರೈವ್‌ನಿಂದ ಪ್ರೊ ಹಾಕಿಬಿಟ್ಟರೆ ಬಯೋಸ್‌ನಲ್ಲಿರುವ ಹೋಮ್ ಕೀ ಅದಕ್ಕೆ ಹೊಂದುವುದಿಲ್ಲ. ಹೋಮ್, ಹೋಮ್ ಸಿಂಗಲ್ ಲಾಂಗ್ವೇಜ್, ಪ್ರೊ ಮೂರೂ ಬೇರೆ ಬೇರೆ ಬೀಗಗಳು, ಒಂದರ ಕೀ ಇನ್ನೊಂದಕ್ಕೆ ನಡೆಯದು.

ಪ್ರೊದಿಂದ ಹೋಮ್‌ಗೆ ಇಳಿಯಲು ಫೈಲ್ ಉಳಿಸಿಕೊಂಡು ಬದಲಾಯಿಸುವ ದಾರಿಯಿಲ್ಲ, ಹೊಸದಾಗಿ ಹಾಕಬೇಕು. ‘ರಿಸೆಟ್ ದಿಸ್ ಪಿಸಿ’ ಮಾಡಿ ಪ್ರಯೋಜನವಿಲ್ಲ, ಈಗಿರುವ ಪ್ರೊ ಎಡಿಶನ್ನೇ ಮತ್ತೆ ಕೂರುತ್ತದೆ. ಮೊದಲು ನೋಟ್ಸ್, ಫೋಟೋ ಎಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು, ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ‘ಮೀಡಿಯಾ ಕ್ರಿಯೇಶನ್ ಟೂಲ್’ ಇಳಿಸಿ ಅದರಿಂದ ಪೆನ್‌ಡ್ರೈವ್ ಸಿದ್ಧಮಾಡಿ. ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಅದರಿಂದ ಬೂಟ್ ಮಾಡಿದಾಗ ಸೆಟಪ್ ಬಯೋಸ್‌ನ ಕೀಯನ್ನು ತಾನೇ ಓದಿ, ಎಡಿಶನ್ ಯಾವುದೆಂದು ಕೇಳದೆ ಸರಿಯಾದುದನ್ನೇ ಹಾಕುತ್ತದೆ. ಕೇಳದೆ ಮುಂದೆ ಹೋಯಿತೆಂದರೆ ಕೀ ಸಿಕ್ಕಿದೆ ಎಂದೇ ಅರ್ಥ. ಎಡಿಶನ್ ಕೇಳಿದರೆ ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿ ಪಟ್ಟಿಯಲ್ಲಿ ಹೋಮ್ ಸಿಂಗಲ್ ಲಾಂಗ್ವೇಜ್ ಆರಿಸಿ.

ಮೂರು ಕಡೆ ಎಡವುವ ಸಂಭವವಿದೆ. ಡಿಸ್ಕ್ ಆರಿಸುವ ಪರದೆಯಲ್ಲಿ ಸಿ, ಡಿ ಎಂಬ ಹೆಸರು ಕಾಣುವುದಿಲ್ಲ, ‘ಡ್ರೈವ್ 0 ಪಾರ್ಟಿಶನ್ 3’ ಎಂಬಂತೆ ಬರುತ್ತದೆ. ಅದಕ್ಕೆ ಸಿ ಮತ್ತು ಡಿಯ ಗಾತ್ರವನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಡಿಯಲ್ಲಿದ್ದುದು ಹೋದೀತು. ಎರಡನೆಯದು, ಇಂಟೆಲ್ 11ನೇ ಪೀಳಿಗೆ ಮತ್ತು ಅದರಾಚೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಪರದೆ ಖಾಲಿಯಾಗಿ ಬಂದು ಡಿಸ್ಕೇ ಕಾಣದೆ ಹೋಗುತ್ತದೆ. ಡಿಸ್ಕ್ ಕೆಟ್ಟಿಲ್ಲ, ಇಂಟೆಲ್‌ನ ರಾಪಿಡ್ ಸ್ಟೋರೇಜ್ ಡ್ರೈವರ್ ಬೇಕು. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾಡೆಲ್ಲಿನ ಡ್ರೈವರ್ ಇಳಿಸಿ, ಬಿಚ್ಚಿ, ಅದೇ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರಿಗೆ ಹಾಕಿಟ್ಟಿದ್ದರೆ ‘ಲೋಡ್ ಡ್ರೈವರ್’ ಒತ್ತಿ ತೋರಿಸಬಹುದು. ಮೂರನೆಯದು ವೈಫೈ. ಹೊಸ ವಿಂಡೋಸ್‌ಗೆ ವೈಫೈ ಗುರುತು ಸಿಗದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ಡೇಟಾ ಅದರಿಂದಲೇ ಹರಿಯುತ್ತದೆ.

ನೆಟ್ ಸಿಕ್ಕ ಕೆಲ ನಿಮಿಷಗಳಲ್ಲಿ ಆಕ್ಟಿವೇಶನ್ ತಾನೇ ಆಗುತ್ತದೆ. ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಆಕ್ಟಿವೇಶನ್’ನಲ್ಲಿ ‘ಆಕ್ಟಿವ್’ ಅಂತ ಬರಬೇಕು. ವಿಂಡೋಸ್ 10 ಆದರೆ ‘ಅಪ್‌ಡೇಟ್ ಆಂಡ್ ಸೆಕ್ಯುರಿಟಿ’ ಒಳಗೆ ನೋಡಿ. ಅಲ್ಲಿಯವರೆಗೆ ನಿಮ್ಮ ಓದಿಗೆ ತೊಂದರೆಯಿಲ್ಲ. ಆಕ್ಟಿವೇಟ್ ಆಗದ ವಿಂಡೋಸ್‌ನಲ್ಲಿ ವಾಲ್‌ಪೇಪರ್, ಬಣ್ಣ ಬದಲಿಸಲು ಬಿಡುವುದಿಲ್ಲ, ಮೂಲೆಯ ಬರಹ ಹೋಗುವುದಿಲ್ಲ, ಅಷ್ಟೇ. ಫೈಲ್‌ಗಳಿಗೆ ಏನೂ ಆಗದು, ಸುರಕ್ಷತಾ ಅಪ್‌ಡೇಟ್‌ಗಳೂ ಬರುತ್ತವೆ. ಸಿಂಗಲ್ ಲಾಂಗ್ವೇಜ್ ಅಂದರೆ ಕನ್ನಡ ಟೈಪ್ ಮಾಡಲಾಗದು ಎಂಬ ಹೆದರಿಕೆ ಕೆಲವರಿಗಿದೆ. ಆ ಕಟ್ಟು ಇರುವುದು ಮೆನುಗಳ ಭಾಷೆಗೆ ಮಾತ್ರ, ಕನ್ನಡ ಕೀಬೋರ್ಡ್ ಧಾರಾಳವಾಗಿ ಸೇರಿಸಿಕೊಳ್ಳಬಹುದು.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಸಿಡಿಲಿಗೆ ಅಸೆಂಬಲ್ಡ್ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಬೇರೆ ಬೋರ್ಡ್ ಹಾಕಿಸಿದೆವು, ಹಾರ್ಡ್ ಡಿಸ್ಕ್ ಹಳೆಯದೇ. ವಿಂಡೋಸ್ ಶುರುವಾಗುತ್ತದೆ, ಆದರೆ ಆಕ್ಟಿವೇಶನ್ ಹೋಗಿದೆ. ವಿಂಡೋಸ್ 10 ಪ್ರೊ ಡಬ್ಬಿಯಲ್ಲಿ ಕೊಂಡಿದ್ದು, ಕೀ ಇರುವ ಕಾರ್ಡ್ ಸಿಗುತ್ತಿಲ್ಲ.
— ದಲಾಲರು, ಬ್ಯಾಡಗಿ

ಉತ್ತರ: ಡಬ್ಬಿಯಲ್ಲಿ ಕೊಂಡಿದ್ದರೆ ಅದು ರಿಟೇಲ್ ಲೈಸೆನ್ಸ್. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ನಿಮಗಿದೆ, ಒಂದು ಹೊತ್ತಿಗೆ ಒಂದರಲ್ಲಿ ಮಾತ್ರ. ಖಚಿತ ಮಾಡಿಕೊಳ್ಳಲು ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಬಂದ ಚೌಕದಲ್ಲಿ ಎಸ್-ಎಲ್-ಎಂ-ಜಿ-ಆರ್, ಒಂದು ಜಾಗ, ಓರೆಗೆರೆ, ಡಿ-ಎಲ್-ಐ ಎಂದು ಹೊಡೆದು ಎಂಟರ್ ಮಾಡಿ. ಐದಾರು ಸೆಕೆಂಡಿನಲ್ಲಿ ಸಣ್ಣ ಕಿಟಕಿ ಬರುತ್ತದೆ. ಅದರ ‘ಡಿಸ್ಕ್ರಿಪ್ಶನ್’ ಸಾಲಿನ ಕೊನೆಯಲ್ಲಿ ‘ರಿಟೇಲ್ ಚಾನೆಲ್’ ಎಂದಿದ್ದರೆ ನಿಮ್ಮದು. ‘ಒಇಎಂ’ (ಕಂಪ್ಯೂಟರಿನ ಜೊತೆಗೇ ಬಂದ ಲೈಸೆನ್ಸ್) ಎಂದು ಶುರುವಾಗುವ ಪದವಿದ್ದರೆ ಆ ಲೈಸೆನ್ಸ್ ಸುಟ್ಟ ಬೋರ್ಡಿನೊಂದಿಗೇ ಮುಗಿಯಿತು. ಕೆಟ್ಟ ಬೋರ್ಡನ್ನು ಕಂಪ್ಯೂಟರ್ ತಯಾರಿಸಿದ ಕಂಪನಿಯೇ ವಾರಂಟಿಯಲ್ಲಿ ಬದಲಿಸಿಕೊಟ್ಟಾಗ ಮಾತ್ರ ಅದು ಮುಂದುವರಿಯುತ್ತದೆ.

ಕಾರ್ಡ್ ಹುಡುಕುವ ಮೊದಲು ಈ ಕಂಪ್ಯೂಟರಿನಲ್ಲಿ ಎಂದಾದರೂ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದಿರಾ ನೆನಪಿಸಿಕೊಳ್ಳಿ. 2016ರ ಆಗಸ್ಟ್‌ನಲ್ಲಿ ಬಂದ 1607 ಆವೃತ್ತಿಯಿಂದ ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಆ ಅಕೌಂಟಿಗೆ ಜೋಡಣೆಯಾಗುತ್ತದೆ, ಆಮೇಲೆ ಕೀ ಬೇಕಾಗುವುದೇ ಇಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ, ಆಕ್ಟಿವೇಶನ್ ಪುಟದಲ್ಲಿ ‘ಟ್ರಬಲ್‌ಶೂಟ್’ ಒತ್ತಿ, ಅದು ಸೋತಮೇಲೆ ಬರುವ ‘ಐ ಚೇಂಜ್ಡ್ ಹಾರ್ಡ್‌ವೇರ್ ಆನ್ ದಿಸ್ ಡಿವೈಸ್ ರೀಸೆಂಟ್ಲಿ’ ಆರಿಸಿ. ಅಕೌಂಟ್ ಕೊಟ್ಟರೆ ನಿಮ್ಮ ಕಂಪ್ಯೂಟರ್‌ಗಳ ಪಟ್ಟಿ ಬರುತ್ತದೆ. ಹಳೆಯದರ ಹೆಸರು ಆರಿಸಿ, ‘ದಿಸ್ ಈಸ್ ದ ಡಿವೈಸ್ ಐ ಆಮ್ ಯೂಸಿಂಗ್ ರೈಟ್ ನೌ’ ಎಂಬಲ್ಲಿ ಗುರುತು ಹಾಕಿ, ‘ಆಕ್ಟಿವೇಟ್’ ಒತ್ತಿ. ಈ ಪಟ್ಟಿಯಲ್ಲಿ ‘ಡೆಸ್ಕ್‌ಟಾಪ್’ ಎಂದು ಶುರುವಾಗಿ ಅರ್ಥವಿಲ್ಲದ ಏಳು ಅಕ್ಷರಗಳಿಂದ ಮುಗಿಯುವ ಹೆಸರುಗಳೇ ನಾಲ್ಕಾರು ಇದ್ದರೆ ಯಾವುದು ಅಂಗಡಿಯದು, ಯಾವುದು ಮನೆಯದು ಎಂದು ತಿಳಿಯುವುದೇ ಕಷ್ಟ. ಆದ್ದರಿಂದ ಕಂಪ್ಯೂಟರ್ ಕೊಂಡ ದಿನವೇ ‘ರೀನೇಮ್’ ಮಾಡಿ ಗುರುತಾಗುವ ಹೆಸರಿಡುವುದು ಒಳ್ಳೆಯದು.

ಅಕೌಂಟ್ ಜೋಡಣೆಯಾಗಿರಲಿಲ್ಲವಾದರೆ ಹಳೆಯ ಡಿಸ್ಕೇ ಆಧಾರ. ರಿಟೇಲ್ ಕೀ ಹಾಕಿ ಆಕ್ಟಿವೇಟ್ ಮಾಡಿದ್ದರೆ ಅದು ವಿಂಡೋಸ್‌ನ ರಿಜಿಸ್ಟ್ರಿ ಎಂಬ ಒಳದಾಖಲೆಯಲ್ಲಿ ಉಳಿದಿರುತ್ತದೆ, ‘ಪ್ರೊಡುಕೀ’ ಅಥವಾ ‘ಶೋಕೀಪ್ಲಸ್’ನಂಥ ಸಣ್ಣ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಅದಕ್ಕೇ ಆ ಡಿಸ್ಕನ್ನು ಈಗ ಫಾರ್ಮ್ಯಾಟ್ ಮಾಡಬೇಡಿ, ಯಾರು ಹೇಳಿದರೂ ಮಾಡಬೇಡಿ. ಒಂದು ಎಚ್ಚರಿಕೆ: ತೋರಿಸಿದ ಕೀಯ ಕೊನೆಯ ಐದು ‘3-ವಿ-6-6-ಟಿ’ ಅಥವಾ ‘8-ಎಚ್-ವಿ-ಎಕ್ಸ್-7’ ಆಗಿದ್ದರೆ ಅದು ನಿಮ್ಮದಲ್ಲ. ಮೊದಲನೆಯದು ಪ್ರೊಗೆ, ಎರಡನೆಯದು ಹೋಮ್‌ಗೆ ಮೈಕ್ರೋಸಾಫ್ಟ್ ಇಟ್ಟಿರುವ ಸಾಮಾನ್ಯ ಕೀ. ಡಿಜಿಟಲ್ ಲೈಸೆನ್ಸ್ ಇರುವ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳಲ್ಲಿ ಇದೇ ಕಾಣುತ್ತದೆ. ಡೈರಿಯಲ್ಲಿ ಜೋಪಾನವಾಗಿ ಬರೆದಿಟ್ಟರೂ ಅದರಿಂದ ಏನೂ ಆಕ್ಟಿವೇಟ್ ಆಗುವುದಿಲ್ಲ.

ಕೀಯನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಇಮೇಲ್‌ನಲ್ಲಿ ಆರ್ಡರ್ ರಸೀದಿ ಹುಡುಕಿ. ಅಂಗಡಿಯಲ್ಲಿ ಕೊಂಡ ಡಬ್ಬಿಯ ಕೀ ಯಾರದೆಂಬ ಲೆಕ್ಕ ಮೈಕ್ರೋಸಾಫ್ಟ್ ಬಳಿ ಇರುವುದಿಲ್ಲ, ಫೋನ್ ಮಾಡಿ ಹೆಸರು ಹೇಳಿದರೆ ಕೀ ಕೊಡಲಾರರು.

ಕೀ ಸಿಕ್ಕರೆ ಅದೇ ಲೈಸೆನ್ಸಿನಲ್ಲಿ ವಿಂಡೋಸ್ 11 ಪ್ರೊ ಕೂಡ ಆಕ್ಟಿವೇಟ್ ಆಗುತ್ತದೆ, ಹೊಸ ಬೋರ್ಡ್ ಮತ್ತು ಪ್ರೊಸೆಸರ್ ಅದಕ್ಕೆ ಹೊಂದಿದರೆ ಹಾಗೇ ಮಾಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನು ಅಂಗಡಿಯ ಲೆಕ್ಕಕ್ಕೆ ಟ್ಯಾಲಿ ತಂತ್ರಾಂಶ ಬಳಸುತ್ತಿದ್ದರೆ, ಬೋರ್ಡ್ ಬದಲಾದಾಗ ಅದರ ಲೈಸೆನ್ಸೂ ಅಡ್ಡಿಮಾಡಬಹುದು. ಟ್ಯಾಲಿ ಕೊಂಡಾಗ ಕೊಟ್ಟ ಇಮೇಲ್ ವಿಳಾಸದಿಂದ ಲೈಸೆನ್ಸ್ ‘ರಿಸೆಟ್’ ಮಾಡಿಕೊಳ್ಳಬೇಕಾಗುತ್ತದೆ. ಆ ಇಮೇಲ್ ಹಿಂದೆ ಇದ್ದ ಗುಮಾಸ್ತರದ್ದಾಗಿದ್ದರೆ ಸೀಸನ್ ಏರುವ ಮೊದಲೇ ಸರಿಪಡಿಸಿಕೊಳ್ಳಿ.

ಪ್ರಶ್ನೆ: ನಮ್ಮ ಆಫೀಸಿಗೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ನಾಲ್ಕು ತಂದೆವು. ಆರು ತಿಂಗಳು ಚೆನ್ನಾಗಿದ್ದವು. ಈಗ ‘ಯುವರ್ ವಿಂಡೋಸ್ ಲೈಸೆನ್ಸ್ ವಿಲ್ ಎಕ್ಸ್‌ಪೈರ್ ಸೂನ್’ ಎಂದು ದಿನಾ ಬರುತ್ತಿದೆ. ಮಾರಿದವರು ‘ಕ್ರ್ಯಾಕ್ ಹಾಕಿ ಕೊಡ್ತೀವಿ, ಒಂದಕ್ಕ 300 ರೂಪಾಯಿ ಕೊಡ್ರಿ’ ಅನ್ನುತ್ತಾರೆ. ಹಾಕಿಸಬಹುದೇ?
— ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಬೇಡ. ಆರು ತಿಂಗಳು ಎಂಬ ಮಾತಿನಲ್ಲೇ ಕಾರಣ ಇದೆ.

ದೊಡ್ಡ ಕಂಪನಿಗಳು ತಮ್ಮ ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಆಕ್ಟಿವೇಟ್ ಮಾಡುವುದಿಲ್ಲ. ತಮ್ಮದೇ ಜಾಲದಲ್ಲಿ ಕೆಎಂಎಸ್ ಎಂಬ ಸರ್ವರ್ ಇಡುತ್ತವೆ, ಕಂಪ್ಯೂಟರ್‌ಗಳು ಅದನ್ನು ಕೇಳಿ 180 ದಿನದ ಪರವಾನಗಿ ಪಡೆಯುತ್ತವೆ. ಏಳು ದಿನಕ್ಕೊಮ್ಮೆ ಮತ್ತೆ ಕೇಳಿ ಆ 180 ದಿನವನ್ನು ಹೊಸದಾಗಿ ಎಣಿಸಿಕೊಳ್ಳುತ್ತವೆ. ಲ್ಯಾಪ್‌ಟಾಪ್ ಆ ಕಂಪನಿ ಬಿಟ್ಟು ನಿಮ್ಮ ಮೇಜಿಗೆ ಬಂದ ದಿನದಿಂದ ಅದು ಕೇಳುತ್ತಲೇ ಇದೆ, ಉತ್ತರ ಕೊಡುವ ಸರ್ವರ್ ಇಲ್ಲ. 0ಎಕ್ಸ್‌ಸಿ004ಎಫ್074 ಎಂಬ ಎರರ್ ಬಂದಿದ್ದರೆ ಇದೇ ಅರ್ಥ. ಕ್ರ್ಯಾಕ್, ಅಂದರೆ ಲೈಸೆನ್ಸ್ ಇಲ್ಲದೆ ಆಕ್ಟಿವೇಟ್ ಮಾಡುವ ಕಳ್ಳ ಟೂಲ್, ಹಾಕಿ ಮಾರಿದ್ದರೂ ಹೀಗೇ ಆಗಬಹುದು, ಅಂಥ ಹಲವು ಟೂಲ್‌ಗಳು ಸುಳ್ಳು ಕೆಎಂಎಸ್ ಸರ್ವರ್ ಕೂರಿಸುತ್ತವೆ. ಮೇಲೆ ಹೇಳಿದ ಡಿ-ಎಲ್-ಐ ಕಮಾಂಡ್ ಹೊಡೆದು ನೋಡಿ, ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಬರುತ್ತದೆ.

ನಿಮಗೆ ಅನುಕೂಲವಾದ ಸಂಗತಿಯೆಂದರೆ ಕಂಪನಿಗಳಿಂದ ಬರುವ ಬಿಸಿನೆಸ್ ಮಾಡೆಲ್‌ಗಳ ಬಯೋಸ್‌ನಲ್ಲಿ ಅನೇಕ ವೇಳೆ ಅಸಲಿ ಪ್ರೊ ಕೀ ಇರುತ್ತದೆ. ಕಂಪನಿ ಅದರ ಮೇಲೆ ತನ್ನ ‘ಎಂಟರ್‌ಪ್ರೈಸ್’ ಎಡಿಶನ್ ಹಾಕಿಕೊಂಡಿರುತ್ತದೆ, ಅಷ್ಟೇ. ಮೊದಲ ಉತ್ತರದಲ್ಲಿ ಹೇಳಿದಂತೆ ಮೈಕ್ರೋಸಾಫ್ಟ್‌ನ ಪೆನ್‌ಡ್ರೈವ್‌ನಿಂದ ಒಂದು ಲ್ಯಾಪ್‌ಟಾಪಿಗೆ ಹೊಸದಾಗಿ ಹಾಕಿ ನೋಡಿ. ಆಕ್ಟಿವೇಟ್ ಆದರೆ ಉಳಿದ ಮೂರಕ್ಕೂ ಮಾಡಿ, ಖರ್ಚು ಪೆನ್‌ಡ್ರೈವ್‌ನದು ಮಾತ್ರ.

ಹಾಕುವಾಗ ಒಂದು ಕಡೆ ಗಮನ ಕೊಡಿ. ನೆಟ್ ಜೋಡಿಸಿದ ಕೂಡಲೇ ಯಾವುದೋ ಕಂಪನಿಯ ಹೆಸರಿನಲ್ಲಿ ಸ್ವಾಗತ ಬಂದು, ಆ ಕಂಪನಿಯ ಇಮೇಲ್ ಕೇಳಿದರೆ ಆ ಲ್ಯಾಪ್‌ಟಾಪ್ ಇನ್ನೂ ಅವರ ನೋಂದಣಿಯಲ್ಲಿದೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಅದು ಹೋಗದು, ಏಕೆಂದರೆ ಹೆಸರು ಇರುವುದು ಡಿಸ್ಕಿನಲ್ಲಿ ಅಲ್ಲ, ಮೈಕ್ರೋಸಾಫ್ಟ್ ಸರ್ವರಿನಲ್ಲಿ. ಬಿಡಿಸಲು ಆ ಕಂಪನಿಗೆ ಮಾತ್ರ ಸಾಧ್ಯ. ಅಂಥದನ್ನು ಮಾರಿದವರಿಗೇ ತಿರುಗಿ ಕೊಡಿ. ಮುಂದೆ ಕೊಳ್ಳುವಾಗ ಅಂಗಡಿಯಲ್ಲೇ ನೆಟ್ ಹಾಕಿಸಿ ಈ ಪರದೆ ದಾಟುವವರೆಗೆ ದುಡ್ಡು ಎಣಿಸಬೇಡಿ. ಬಯೋಸ್‌ಗೆ ಪಾಸ್‌ವರ್ಡ್ ಇದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಕ್ರ್ಯಾಕ್ ಬೇಡ ಎನ್ನಲು ಕಾನೂನು ಒಂದೇ ಕಾರಣವಲ್ಲ. ಆ ಟೂಲ್ ಓಡಬೇಕಾದರೆ ಮೊದಲು ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್ ಬಂದ್ ಮಾಡಿ ಎನ್ನುತ್ತದೆ, ಆಮೇಲೆ ಒಂದು ಫೋಲ್ಡರನ್ನು ತಪಾಸಣೆಯಿಂದ ಹೊರಗಿಡುತ್ತದೆ. ಆ ಫೋಲ್ಡರಿನೊಳಗೆ ನಾಳೆ ಏನು ಬಂದು ಕೂತರೂ ಡಿಫೆಂಡರ್ ಅತ್ತ ನೋಡುವುದಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ನೀವು ಜಿಎಸ್‌ಟಿ ತುಂಬುತ್ತೀರಿ, ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತೀರಿ. 300 ರೂಪಾಯಿ ಕೊಟ್ಟು ಮನೆಯ ಹಿತ್ತಲ ಬಾಗಿಲು ತೆರೆದಿಟ್ಟಂತೆ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೀಗಳ ಬಗ್ಗೆಯೂ ಹುಷಾರಾಗಿರಿ. ಅವುಗಳಲ್ಲಿ ಹಲವು ಬೇರೆ ಕಂಪನಿಗಳಿಗೆ ಸಗಟಾಗಿ ಕೊಟ್ಟ ವಾಲ್ಯೂಮ್ ಕೀಗಳು, ಒಂದೇ ಕೀಯನ್ನು ನೂರಾರು ಮಂದಿಗೆ ಮಾರಿರುತ್ತಾರೆ. ಇಂದು ಆಕ್ಟಿವೇಟ್ ಆದದ್ದು ಮೈಕ್ರೋಸಾಫ್ಟ್ ಆ ಕೀ ತಡೆದ ದಿನ 0ಎಕ್ಸ್‌ಸಿ004ಸಿ003 ತೋರಿಸುತ್ತದೆ.

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಬಿಲ್‌ಬುಕ್ ಎಲ್ಲ ವಿಂಡೋಸ್ 7ರ ಹಳೆಯ ಕಂಪ್ಯೂಟರಿನಲ್ಲೇ ಪೇಜ್‌ಮೇಕರ್ ಮತ್ತು ಹಳೆಯ ನುಡಿ ಫಾಂಟಿನಲ್ಲಿ ಮಾಡುತ್ತೇವೆ. ಡಿಸ್ಕ್ ಸದ್ದು ಮಾಡುತ್ತಿದೆ. ಹೊಸ ಡಿಸ್ಕಿಗೆ ವಿಂಡೋಸ್ 7 ಹಾಕಲು ಹೋದರೆ ಕ್ಯಾಬಿನೆಟ್ ಮೇಲಿನ ಸ್ಟಿಕ್ಕರ್ ಮಾಸಿದೆ, ಅರ್ಧ ಅಕ್ಷರ ಕಾಣುವುದಿಲ್ಲ.
— ಮುದ್ರಕರು, ಗದಗ-ಬೆಟಗೇರಿ

ಉತ್ತರ: ಹೊಸದಾಗಿ ಹಾಕುವ ಯೋಚನೆ ಬಿಡಿ. ಡಿಸ್ಕ್ ಇನ್ನೂ ತಿರುಗುತ್ತಿರುವಾಗಲೇ ಇದ್ದಂತೆಯೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಿ. ಮದರ್‌ಬೋರ್ಡ್ ಅದೇ ಇದ್ದು ಡಿಸ್ಕ್ ಮಾತ್ರ ಬದಲಾದರೆ ಸಾಮಾನ್ಯವಾಗಿ ಆಕ್ಟಿವೇಶನ್ ಉಳಿಯುತ್ತದೆ, ಪೇಜ್‌ಮೇಕರ್, ಫಾಂಟ್, ಪ್ರಿಂಟರ್ ಸೆಟ್ಟಿಂಗ್ ಎಲ್ಲ ಇದ್ದಲ್ಲೇ ಇರುತ್ತವೆ. ಸದ್ದು ಮಾಡುವ ಡಿಸ್ಕಿನಲ್ಲಿ ಕೆಲಸ ನಿಲ್ಲಿಸಿ, ಮೊದಲು ಗಿರಾಕಿಗಳ ಫೈಲ್‌ಗಳನ್ನು ಮತ್ತು ಫಾಂಟ್ಸ್ ಫೋಲ್ಡರನ್ನು ನಕಲು ಮಾಡಿಕೊಂಡು, ಆಮೇಲೆ ಕ್ಲೋನ್‌ಗೆ ಕೂರಿಸಿ. ಹಳೆಯ ಫಾಂಟಿನಲ್ಲಿ ಹೊಡೆದ ಕನ್ನಡ ಯೂನಿಕೋಡ್ ಅಲ್ಲ, ಆ ಫಾಂಟ್ ಫೈಲ್ ಕಳೆದರೆ ವರ್ಷಗಟ್ಟಲೆಯ ಲಗ್ನಪತ್ರಿಕೆಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತವೆ.

ಆದರೂ ಸ್ಟಿಕ್ಕರ್ ಓದಿಟ್ಟುಕೊಳ್ಳುವುದು ಒಳ್ಳೆಯದು. ಸ್ಪಿರಿಟ್, ಥಿನ್ನರ್ ತಾಗಿಸಬೇಡಿ, ಉಳಿದ ಶಾಯಿಯೂ ಬರುತ್ತದೆ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಸ್ಟಿಕ್ಕರಿಗೆ ಅಡ್ಡಲಾಗಿ, ಬಹುತೇಕ ತಾಗಿಸಿದಂತೆ ಹಿಡಿದು, ಇನ್ನೊಂದು ಮೊಬೈಲಿನಿಂದ ಹತ್ತಿರದ ಫೋಟೋ ನಾಲ್ಕೂ ದಿಕ್ಕಿನಿಂದ ತೆಗೆಯಿರಿ. ಆ ಫೋಟೋವನ್ನು ಕಪ್ಪು-ಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸಿ, ಒಮ್ಮೆ ನೆಗೆಟಿವ್ ಮಾಡಿಯೂ ನೋಡಿ. ಈ ಕೆಲಸ ಪ್ರೆಸ್‌ನವರಿಗೆ ಹೇಳಿಕೊಡಬೇಕಾಗಿಲ್ಲ.

ಅನುಮಾನದ ಅಕ್ಷರ ತೀರ್ಮಾನಿಸಲು ಒಂದು ಆಧಾರ ಇದೆ. ವಿಂಡೋಸ್ 7ರ ಕೀಯಲ್ಲಿ ಬರುವುದು 24 ಗುರುತು ಮಾತ್ರ: ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಂ, ಪಿ, ಕ್ಯೂ, ಆರ್, ಟಿ, ವಿ, ಡಬ್ಲ್ಯೂ, ಎಕ್ಸ್, ವೈ ಮತ್ತು 2, 3, 4, 6, 7, 8, 9. ಇಂಗ್ಲಿಷ್ ಸ್ವರ ಒಂದೂ ಇಲ್ಲ, ಸೊನ್ನೆ ಇಲ್ಲ, 1 ಇಲ್ಲ, 5 ಇಲ್ಲ, ಎಸ್ ಮತ್ತು ಝಡ್ ಕೂಡ ಇಲ್ಲ. ಆದ್ದರಿಂದ ಸೊನ್ನೆಯಂತೆ ಕಂಡದ್ದು ಡಿ ಅಥವಾ ಕ್ಯೂ, ಝಡ್‌ನಂತೆ ಕಂಡದ್ದು 2, ಒಂದರಂತೆ ಕಂಡದ್ದು ಟಿ ಅಥವಾ 7. ಉಳಿಯುವ ನಿಜವಾದ ಗೊಂದಲ ಬಿ ಮತ್ತು 8, ಜಿ ಮತ್ತು 6, ವಿ ಮತ್ತು ವೈ. ಅನುಮಾನದ ಜಾಗ ಎರಡೇ ಇದ್ದು, ಒಂದೊಂದಕ್ಕೆ ಎರಡು ಸಾಧ್ಯತೆ ಇದ್ದರೆ ನಾಲ್ಕು ಸಲ ಹೊಡೆದು ನೋಡಿದರೆ ಮುಗಿಯಿತು. ವಿಂಡೋಸ್ 8 ಮತ್ತು ನಂತರದ ಕೀಗಳಲ್ಲಿ ಎನ್ ಅಕ್ಷರವೂ ಬರುತ್ತದೆ.

ಬ್ರ್ಯಾಂಡೆಡ್ ಕಂಪ್ಯೂಟರ್ ಆಗಿದ್ದು, ಮೇಲೆ ಹೇಳಿದ ಪ್ರೊಡುಕೀಯಂಥ ತಂತ್ರಾಂಶ ತೋರಿಸುವ ಕೀ ಸ್ಟಿಕ್ಕರ್ ಜೊತೆ ಹೊಂದದಿದ್ದರೆ ಗಾಬರಿಯಾಗಬೇಡಿ. ಆ ಕಾಲದಲ್ಲಿ ಕಾರ್ಖಾನೆಯಲ್ಲಿ ಒಂದು ಮಾದರಿಯ ಕಂಪ್ಯೂಟರ್‌ಗಳಿಗೆಲ್ಲ ಒಂದೇ ಕೀ ಹಾಕುತ್ತಿದ್ದರು. ನಿಮ್ಮ ಪಾಲಿನದು ಸ್ಟಿಕ್ಕರ್ ಮೇಲಿನದೇ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ, ಆ ಕಂಪ್ಯೂಟರಿಗೆ ನೆಟ್ ಕೊಡಬೇಡಿ. ಗಿರಾಕಿಯ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಯೇ ಇದಕ್ಕೆ ಚುಚ್ಚಿ.

ಪ್ರಶ್ನೆ: ಮಗ ಲ್ಯಾಪ್‌ಟಾಪಿನ ಬಯೋಸ್ ಅಪ್‌ಡೇಟ್ ಮಾಡಿದ. ಮರುದಿನ ನೀಲಿ ಪರದೆ ಬಂದು ‘ರಿಕವರಿ ಕೀ’ ಕೇಳುತ್ತಿದೆ. ಡಬ್ಬಿಯಲ್ಲಿದ್ದ ವಿಂಡೋಸ್ ಕೀ ಹೊಡೆದರೆ ತಗೊಳ್ಳುತ್ತಿಲ್ಲ. ಶಾಲೆಯ ಅಂಕಪಟ್ಟಿಗಳೆಲ್ಲ ಅದರಲ್ಲೇ ಇವೆ.
— ಶಿಕ್ಷಕಿ, ರಾಣೆಬೆನ್ನೂರು

ಉತ್ತರ: ಯಾರ ಕೈಯಲ್ಲೂ ಫಾರ್ಮ್ಯಾಟ್ ಮಾಡಿಸಬೇಡಿ, ಇದನ್ನು ಮೊದಲು ಓದಿ.

ಅದು ಕೇಳುತ್ತಿರುವುದು ವಿಂಡೋಸ್‌ನ 25 ಅಕ್ಷರದ ಕೀಯನ್ನಲ್ಲ. ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗದ 48 ಅಂಕಿಯ ಕೀಯನ್ನು, ಆರಾರು ಅಂಕಿಯ ಎಂಟು ಗುಂಪು, ಅಕ್ಷರ ಒಂದೂ ಇಲ್ಲ. ಬಯೋಸ್ ಬದಲಾದಾಗ ಲ್ಯಾಪ್‌ಟಾಪಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ತಾನು ಗುರುತಿಟ್ಟುಕೊಂಡಿದ್ದ ಮಷೀನ್ ಇದೇನಾ ಎಂಬ ಅನುಮಾನ ಬರುತ್ತದೆ, ಬೀಗ ಬಿಡುವುದಿಲ್ಲ. ಹೋಮ್ ಎಡಿಶನ್‌ನಲ್ಲೂ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ಈ ಬೀಗ ತಾನಾಗಿ ಬೀಳುತ್ತದೆ, ಕೀ ಆ ಅಕೌಂಟಿನಲ್ಲೇ ಜಮಾ ಆಗುತ್ತದೆ.

ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, ‘ಡಿವೈಸಸ್’ ಒಳಗೆ ಈ ಲ್ಯಾಪ್‌ಟಾಪ್ ಆರಿಸಿ ‘ರಿಕವರಿ ಕೀ’ ನೋಡಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ ನೀಲಿ ಪರದೆಯಲ್ಲಿ ಕಾಣುವ ‘ಕೀ ಐಡಿ’ಯ ಮೊದಲ ಎಂಟು ಅಕ್ಷರ ಹೊಂದುವುದನ್ನೇ ಆರಿಸಿ. ಪ್ರತಿ ಆರು ಅಂಕಿಯ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಕೈಬರಹದಲ್ಲಿ ಬರೆದುಕೊಂಡ ಅಂಕಿಯಲ್ಲಿ ತಪ್ಪು ಎಲ್ಲಿದೆ ಎಂದು ಹೀಗೆ ಲೆಕ್ಕ ಹಾಕಿ ಹಿಡಿಯಬಹುದು.

ನಿಮ್ಮ ಅಕೌಂಟಿನಲ್ಲಿ ಸಿಗದಿದ್ದರೆ ಕೈಚೆಲ್ಲಬೇಡಿ, ಲ್ಯಾಪ್‌ಟಾಪನ್ನು ಮೊದಲ ಸಲ ಚಾಲೂ ಮಾಡಿದವರು ಯಾರು ಕೇಳಿ. ಮಗನ ಅಕೌಂಟ್, ಅಳಿಯನ ಅಕೌಂಟ್, ಮಾರಿದ ಅಂಗಡಿಯ ಹುಡುಗನ ಅಕೌಂಟ್, ಶಾಲೆಯ ಇಮೇಲ್ ಹೀಗೆ ಎಲ್ಲಿಯಾದರೂ ಅದು ಕೂತಿರಬಹುದು. ಎಲ್ಲೂ ಇಲ್ಲವೆಂದಾದರೆ ಆ ಡಿಸ್ಕಿನ ಫೈಲ್‌ಗಳನ್ನು ಯಾರೂ ತೆಗೆದುಕೊಡಲಾರರು, ‘ತೆಗೀತೀವಿ’ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಕೀ ಸಿಕ್ಕು ಒಳಗೆ ಹೋದಮೇಲೆ ಅಂಕಪಟ್ಟಿಗಳನ್ನು ಅಂದೇ ಬೇರೆ ಕಡೆ ನಕಲು ಮಾಡಿ, 48 ಅಂಕಿಯನ್ನು ಕಾಗದದ ಮೇಲೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಮುಂದೆ ಬಯೋಸ್ ಅಪ್‌ಡೇಟ್ ಮಾಡುವುದಿದ್ದರೆ ಮೊದಲು ಈ ಬೀಗವನ್ನು ‘ಸಸ್ಪೆಂಡ್’ ಮಾಡಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ಝೆರಾಕ್ಸ್ ಅಂಗಡಿಯ ಡೆಸ್ಕ್‌ಟಾಪ್ ದಿನಾ ಬೆಳಿಗ್ಗೆ ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತದೆ. ಆಕ್ಟಿವೇಶನ್ ಎರರ್ ಬರುತ್ತದೆ, ಸರ್ಕಾರಿ ವೆಬ್‌ಸೈಟ್‌ಗಳೂ ತೆರೆಯುವುದಿಲ್ಲ. ಕೀ ಕೆಟ್ಟಿದೆಯೇ?
— ಲಕ್ಷ್ಮೇಶ್ವರ

ಉತ್ತರ: ಕೀ ಸರಿಯಿದೆ, ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ತೀರಿದೆ. ನಿಮ್ಮ ಕಂಪ್ಯೂಟರ್ ಹಳೆಯ ತಾರೀಕು ಹೇಳಿದರೆ ಸರ್ವರಿನ ಸುರಕ್ಷತಾ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ ಎಂದು ಲೆಕ್ಕವಾಗಿ ಸಂಪರ್ಕ ಮುರಿಯುತ್ತದೆ. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವ ಅಂಗಡಿಗಳಲ್ಲಿ ಈ ಸೆಲ್ ಬೇಗ ಖಾಲಿಯಾಗುತ್ತದೆ, ಏಕೆಂದರೆ ಪ್ಲಗ್ಗಿನಲ್ಲಿ ಕರೆಂಟ್ ಇರುವವರೆಗೆ ಗಡಿಯಾರ ಆ ಕರೆಂಟಿನಿಂದಲೇ ನಡೆಯುತ್ತದೆ, ಕರೆಂಟ್ ಇಲ್ಲದಾಗ ಮಾತ್ರ ಸೆಲ್ ದುಡಿಯುತ್ತದೆ.

ಸಿಆರ್2032, 3 ವೋಲ್ಟ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಮೊದಲು ಬಯೋಸ್‌ಗೆ ಹೋಗಿ ‘ಸಾಟಾ ಮೋಡ್’ ಮತ್ತು ‘ಬೂಟ್ ಮೋಡ್’ ಏನಿವೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕಂಪ್ಯೂಟರ್ ಆರಿಸಿ, ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಸೆಲ್ಲಿನ ಪಕ್ಕದ ಕೊಕ್ಕೆಯನ್ನು ಉಗುರಿನಿಂದ ಹೊರಗೆ ತಳ್ಳಿದರೆ ಸೆಲ್ ಎದ್ದು ನಿಲ್ಲುತ್ತದೆ, ಸ್ಕ್ರೂಡ್ರೈವರ್‌ನಿಂದ ಅಡಿಯಿಂದ ಎತ್ತಬೇಡಿ, ಬೋರ್ಡಿನ ಗೆರೆ ಕೀರಿಹೋಗುತ್ತದೆ. ಹೊಸದನ್ನು ಕೂಡಿಸುವ ಗುರುತಿನ ಮುಖ ಮೇಲಾಗಿ ಕೂರಿಸಿ. ಚಾಲೂ ಮಾಡಿ ಬಯೋಸ್‌ನಲ್ಲಿ ತಾರೀಕು ಸರಿಪಡಿಸಿ, ಫೋಟೋ ನೋಡಿ ಆ ಎರಡು ಮೋಡ್ ಹಳೆಯಂತೆಯೇ ಇಡಿ. ಸಾಟಾ ಮೋಡ್ ಬದಲಾಗಿ ಕೂತರೆ ವಿಂಡೋಸ್ ಶುರುವಾಗದೆ ನೀಲಿ ಪರದೆ ಬರುತ್ತದೆ, ಅದನ್ನು ನೋಡಿ ಫಾರ್ಮ್ಯಾಟ್ ಹೊಡೆಸುವವರಿದ್ದಾರೆ. ಕೊನೆಗೆ ವಿಂಡೋಸ್‌ನಲ್ಲಿ ಟೈಮ್ ಝೋನ್ ‘ಯುಟಿಸಿ +05:30’ ಇದೆಯೇ ನೋಡಿ ‘ಸಿಂಕ್ ನೌ’ ಒತ್ತಿ. ಆಮೇಲೆ ಎಸ್-ಎಲ್-ಎಂ-ಜಿ-ಆರ್, ಜಾಗ, ಓರೆಗೆರೆ, ಎ-ಟಿ-ಒ ಹೊಡೆದರೆ ಆಕ್ಟಿವೇಶನ್ ಮತ್ತೊಮ್ಮೆ ಪ್ರಯತ್ನವಾಗುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಜೊತೆ ‘ಆಫೀಸ್ ಹೋಮ್ ಆಂಡ್ ಸ್ಟೂಡೆಂಟ್ 2021’ ಬಂದಿತ್ತು. ಫಾರ್ಮ್ಯಾಟ್ ಆದಮೇಲೆ ವಿಂಡೋಸ್ ತಾನೇ ಆಕ್ಟಿವೇಟ್ ಆಯಿತು, ಆಫೀಸ್ ಬರಲಿಲ್ಲ. ಅದರ ಕೀಯೂ ಬಯೋಸ್‌ನಲ್ಲಿ ಇರುವುದಿಲ್ಲವೇ?
— ನವನಗರ, ಹುಬ್ಬಳ್ಳಿ

ಉತ್ತರ: ಆಫೀಸ್ ಅಂಟಿಕೊಂಡಿರುವುದು ನೀವು ಮೊದಲ ಸಲ ವರ್ಡ್ ಅಥವಾ ಎಕ್ಸೆಲ್ ತೆರೆದಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟಿಗೆ. ಅದೇ ಅಕೌಂಟಿನಿಂದ ಮೈಕ್ರೋಸಾಫ್ಟ್ ತಾಣಕ್ಕೆ ಹೋಗಿ ‘ಸರ್ವೀಸಸ್ ಆಂಡ್ ಸಬ್‌ಸ್ಕ್ರಿಪ್ಶನ್ಸ್’ ತೆರೆದರೆ ಕೊಂಡ ಆಫೀಸ್ ಅಲ್ಲಿ ಕಾಣುತ್ತದೆ. ‘ಇನ್‌ಸ್ಟಾಲ್’ ಒತ್ತಿ, ಮುಗಿದ ಮೇಲೆ ವರ್ಡ್‌ನಲ್ಲೂ ಅದೇ ಅಕೌಂಟ್ ಕೊಡಿ, ಕೀ ಕೇಳುವುದಿಲ್ಲ. ಪಟ್ಟಿ ಖಾಲಿ ಕಂಡರೆ ಬೇರೆ ಅಕೌಂಟಿನಲ್ಲಿ ಇದೆ ಎಂದೇ ತಿಳಿಯಿರಿ, ಮನೆಯ ಉಳಿದವರ ಇಮೇಲ್ ಹಾಕಿ ನೋಡಿ. ಆಫೀಸ್ 2021ರ ಬೆಂಬಲದ ಕೊನೆಯ ದಿನ 2026ರ ಅಕ್ಟೋಬರ್ 13. ಅದಾದ ಮೇಲೂ ವರ್ಡ್, ಎಕ್ಸೆಲ್ ನಡೆಯುತ್ತವೆ, ಸುರಕ್ಷತಾ ಅಪ್‌ಡೇಟ್ ಮಾತ್ರ ಬರುವುದಿಲ್ಲ.